ತಾಸೆಯ ಪೆಟ್ಟೂ ಗಣಕಯಂತ್ರದ ಆಟವೂ

(ಓರ್ವ ವಿದ್ಯಾರ್ಥಿನಿ, ಅಂತಿಮ ಬಿ. ಎ.)

ಈ ವರ್ಷದ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನಮ್ಮ ಕನ್ನಡ ಉಪನ್ಯಾಸಕರು ಅಪ್ಪಣೆ ಮಾಡಿದಾಗ, ನಾನು ಮುದ್ದಣನ ಮೇಲೆ ಬರೆಯುವೆನೆಂದೇ ಅವರು ಎಣಿಸಿದ್ದರು. ಹಾಗೆ ಎಣಿಸಿದುದರಲ್ಲಿ ತಪ್ಪೇನೂ ಇಲ್ಲ. ನನ್ನ ಊರು ಬೆಳ್ಮಣ್ಣು. ಮುದ್ದಣನ ನಂದಳಿಕೆ ನಮಗೆ ನೆರೆಯ ಊರು. ಆದರೆ ಮುದ್ದಣನ ಮೇಲೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ತರಗತಿಯಲ್ಲಿಯೇ ನಾಲ್ವರಿದ್ದಾರೆ. ನಾನು ಬರೆಯಹೊರಟಿರುವ ವಿಷಯವನ್ನು ಕೇಳಿದರೆ ಮಾತ್ರ ಕೆಲವರು ನಕ್ಕಾರು. ವಿದ್ಯುತ್ತಿನ ಡ್ರಮ್ಮನ್ನು ಮಾರ್ಪಡಿಸಿ, ಗಣಕಯಂತ್ರದಲ್ಲಿ ಆಡುವ ಆಟಕ್ಕೆ ಅದನ್ನೇ ಹಿಡಿಕೆಯನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಬಿ. ಎ. ಓದುವವರಿಗೆ ಇದೆಲ್ಲ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಲೇಖನದ ನಡುವಿನಲ್ಲಿ ದೊರೆಯಬಹುದು, ದೊರೆಯದಿದ್ದರೆ ಕ್ಷಮಿಸಬೇಕು.

ಮೊದಲು ಆಟದ ಪರಿಚಯ. ಪರದೆಯ ಮೇಲೆ ಒಂದು ಹಾದಿ ಇರುತ್ತದೆ. ದೂರದಿಂದ ಆ ಹಾದಿಯ ಮೇಲೆ ಬಣ್ಣದ ಬಿಲ್ಲೆಗಳು ನಮ್ಮ ಕಡೆಗೆ ಹರಿದುಬರುತ್ತವೆ. ಹಿನ್ನೆಲೆಯಲ್ಲಿ ಹಾಡು. ಕೆಂಪು ಬಿಲ್ಲೆ ಗೆರೆಯನ್ನು ಮುಟ್ಟುವ ಗಳಿಗೆಗೆ ಸರಿಯಾಗಿ ಕೆಂಪು ತಟ್ಟೆಯನ್ನೂ, ನೀಲಿ ಬಿಲ್ಲೆ ಮುಟ್ಟುವಾಗ ನೀಲಿ ತಟ್ಟೆಯನ್ನೂ ಬಾರಿಸಬೇಕು. ಸರಿಯಾಗಿ ಬಿದ್ದರೆ ಅಂಕ. ತಪ್ಪಿದರೆ ಡ್ರಮ್ಮಿನ ಧ್ವನಿಯೇ ಅಡಗಿಹೋಗುತ್ತದೆ. ಜಪಾನಿನ ಕೊನಾಮಿ ಕಂಪೆನಿ ೧೯೯೯ರಲ್ಲಿ ‘ಡ್ರಮ್‌ಮೇನಿಯಾ’ ಎಂಬ ಇಂಥದೊಂದು ಆಟವನ್ನು ಹೊರತಂದಿತು. ೨೦೦೧ರಲ್ಲಿ ನಾಮ್ಕೊ ಕಂಪೆನಿಯವರು ತಮ್ಮ ನಾಡಿನ ‘ತೈಕೊ’ ಎಂಬ ದೊಡ್ಡ ಚರ್ಮವಾದ್ಯವನ್ನೇ ಆಟದ ಮುಂದೆ ತಂದು ನಿಲ್ಲಿಸಿದರು. ಅಮೆರಿಕದಲ್ಲಿ ೨೦೦೫ರಲ್ಲಿ ‘ಗಿಟಾರ್ ಹೀರೋ’, ೨೦೦೭ರಲ್ಲಿ ‘ರಾಕ್ ಬ್ಯಾಂಡ್’ ಬಂದವು. ರಾಕ್ ಬ್ಯಾಂಡಿನ ಜೊತೆಗೆ ಕೆಂಪು, ಹಳದಿ, ನೀಲಿ, ಹಸುರು ಎಂಬ ನಾಲ್ಕು ತಟ್ಟೆಗಳೂ ಕಾಲಿನಿಂದ ಒತ್ತುವ ಒಂದು ಮೆಟ್ಟೂ ಇದ್ದ ಪ್ಲಾಸ್ಟಿಕ್ಕಿನ ಡ್ರಮ್ಮು ಮಾರಾಟಕ್ಕೆ ಬಂದಿತು.

ಆ ಪ್ಲಾಸ್ಟಿಕ್ಕಿನ ಡ್ರಮ್ಮು ಆಟದ ಸಾಮಾನೇ ಹೊರತು ವಾದ್ಯವಲ್ಲ. ಬಾರಿಸಿದರೆ ಕಟಕಟ ಸದ್ದು. ನಿಜವಾದ ಡ್ರಮ್ಮಿನ ಪುಟಿತ ಅದಕ್ಕಿಲ್ಲ. ಆದುದರಿಂದ ಮನೆಯಲ್ಲಿ ನಿಜವಾದ ವಿದ್ಯುತ್ ಡ್ರಮ್ಮಿದ್ದವರು ಅದನ್ನೇ ಆಟಕ್ಕೆ ಜೋಡಿಸಲು ಹೊರಟರು. ಕಂಪೆನಿಗಳೂ ಈ ಬಯಕೆಯನ್ನು ಕಂಡುಕೊಳ್ಳದೆ ಇರಲಿಲ್ಲ. ೨೦೦೮ರ ‘ಗಿಟಾರ್ ಹೀರೋ ವರ್ಲ್ಡ್ ಟೂರ್’ ಡ್ರಮ್ಮಿನಲ್ಲಿ ಹೊರಗಿನ ಡ್ರಮ್ಮನ್ನು ಸೇರಿಸುವ ಕಂಡಿಯೊಂದನ್ನು ಇಟ್ಟಿದ್ದರು. ೨೦೧೦ರಲ್ಲಿ ‘ರಾಕ್ ಬ್ಯಾಂಡ್ ೩’ ಬಂದಾಗ ಮ್ಯಾಡ್ ಕ್ಯಾಟ್ಸ್ ಎಂಬವರು ಅದೇ ಕೆಲಸಕ್ಕಾಗಿ ಒಂದು ಪ್ರತ್ಯೇಕ ಪೆಟ್ಟಿಗೆಯನ್ನೇ ಮಾರಿದರು. ಇವೆಲ್ಲ ಹಳೆಯ ಮಾತು. ಈಗ ಅವು ಯಾವುವೂ ತಯಾರಾಗುವುದಿಲ್ಲ. ರಾಕ್ ಬ್ಯಾಂಡಿಗೆ ಹೊಸ ಹಾಡುಗಳು ಬರುವುದೂ ೨೦೨೪ರ ಜನವರಿಯಲ್ಲಿ ನಿಂತಿತು. ಉಳಿದದ್ದು ಎರಡು: ಹವ್ಯಾಸಿಗಳು ಕಟ್ಟಿ ಉಚಿತವಾಗಿ ಹಂಚುತ್ತಿರುವ ‘ಕ್ಲೋನ್ ಹೀರೋ’ದಂಥ ಆಟಗಳು, ಮತ್ತು ಇದ್ದ ಡ್ರಮ್ಮನ್ನು ಬಿಚ್ಚಿ ಬೆಸೆಯುವ ಜನರ ಹಟ.

ನಮ್ಮೂರಿನ ಪೇಟೆಯಲ್ಲಿ ಇಂಥ ಆಟದ ಡ್ರಮ್ಮನ್ನು ನಾನು ಎಂದೂ ಕಂಡಿಲ್ಲ. ಆದರೆ ವಿದ್ಯುತ್ ಡ್ರಮ್ಮು ನಮಗೆ ಅಪರಿಚಿತ ವಸ್ತುವಲ್ಲ. ಮದುವೆಯ ಹಿಂದಿನ ದಿನದ ಮೆಹಂದಿಯಲ್ಲಿ, ಜಾತ್ರೆಯ ರಸಮಂಜರಿಯಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ವೇದಿಕೆಯ ಒಂದು ಮೂಲೆಯಲ್ಲಿ ನಿಂತು, ಎಂಟು ಚೌಕಗಳ ಕರಿಯ ಹಲಗೆಯೊಂದನ್ನು ಎರಡು ಕೋಲುಗಳಿಂದ ಬಾರಿಸುವವರನ್ನು ವಾಚಕರೆಲ್ಲರೂ ನೋಡಿರಬೇಕು. ಅದೇ ಆಕ್ಟೋಪ್ಯಾಡ್. ಜಪಾನಿನ ರೋಲ್ಯಾಂಡ್ ಕಂಪೆನಿ ಅದರ ಮೊದಲ ಮಾದರಿಯನ್ನು ೧೯೮೫ರಲ್ಲಿ ಹೊರತಂದಿತು. ಆ ಮೊದಲ ಹಲಗೆಯೊಳಗೆ ಸ್ವಂತದ ಧ್ವನಿಯೇ ಇರಲಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ‘ಇಂಥ ಚೌಕಕ್ಕೆ ಇಷ್ಟು ಬಲವಾಗಿ ಪೆಟ್ಟು ಬಿದ್ದಿತು’ ಎಂಬ ಸುದ್ದಿಯನ್ನು ಮತ್ತೊಂದು ಯಂತ್ರಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ನಮ್ಮ ವಿಷಯದ ತಿರುಳೆಲ್ಲ ಈ ಒಂದು ವಾಕ್ಯದಲ್ಲಿಯೇ ಇದೆ. ವಿದ್ಯುತ್ ಡ್ರಮ್ಮು ಎಂದರೆ ಸದ್ದು ಮಾಡುವ ವಸ್ತುವಲ್ಲ. ಸುದ್ದಿ ಕೊಡುವ ವಸ್ತು. ಆ ಸುದ್ದಿಯನ್ನು ಧ್ವನಿಯಂತ್ರಕ್ಕೆ ಬದಲಾಗಿ ಆಟಕ್ಕೆ ಮುಟ್ಟಿಸಿದರೆ ಮುಗಿಯಿತು.

ಸುದ್ದಿ ಹುಟ್ಟುವುದೆಲ್ಲಿ? ತಟ್ಟೆಯ ಕೆಳಗೆ ಹಿತ್ತಾಳೆಯದೊಂದು ಬಿಲ್ಲೆ ಇರುತ್ತದೆ. ಅದರ ಮೇಲೆ ಬಿಳಿಯದೊಂದು ಪದರ. ಇದಕ್ಕೆ ಪೀಜೊ ಬಿಲ್ಲೆಯೆನ್ನುವರು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದೆಂದು ಫ್ರಾನ್ಸಿನ ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡುಹಿಡಿದರು. ಮುದ್ದಣನಿಗೆ ಆಗ ಹತ್ತು ವರ್ಷ. (ಉಪನ್ಯಾಸಕರು ಇಷ್ಟಾದರೂ ಮುದ್ದಣ ಬಂದನಲ್ಲಾ ಎಂದು ಸಮಾಧಾನಪಟ್ಟುಕೊಳ್ಳಲಿ.) ಹುಟ್ಟುಹಬ್ಬದ ಕಾಗದದಲ್ಲಿ ಹಾಡುವ ಸಣ್ಣ ಬಿಲ್ಲೆಯೂ ಇದೇ ಜಾತಿಯದು. ವಿದ್ಯುತ್ತನ್ನು ಕೊಟ್ಟರೆ ಅದು ನಡುಗಿ ಸದ್ದು ಮಾಡುತ್ತದೆ. ನಾವೇ ನಡುಗಿಸಿದರೆ ವಿದ್ಯುತ್ತನ್ನು ಕೊಡುತ್ತದೆ.

ಸುದ್ದಿಯ ಭಾಷೆಗೆ ‘ಮಿಡಿ’ ಎಂದು ಹೆಸರು. ೧೯೮೩ರಲ್ಲಿ ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಒಂದನ್ನೊಂದು ಅರಿಯಲೆಂದು ಇದನ್ನು ಒಪ್ಪಿಕೊಂಡರು. ಒಂದು ಪೆಟ್ಟಿಗೆ ಮೂರು ಅಂಕೆಗಳು. ಮೊದಲನೆಯದು, ಪೆಟ್ಟು ಬಿದ್ದಿತು ಮತ್ತು ಅದು ಯಾವ ಸಾಲಿಗೆ ಸೇರಿದ್ದು ಎಂಬುದು. ಎರಡನೆಯದು, ಯಾವ ವಾದ್ಯ: ಸಾಮಾನ್ಯ ಒಪ್ಪಂದದಂತೆ ೩೬ ಎಂದರೆ ಕಾಲಿನ ದೊಡ್ಡ ಡ್ರಮ್ಮು, ೩೮ ಸ್ನೇರ್, ೪೨ ಮುಚ್ಚಿದ ಜೋಡಿತಾಳ, ೪೯ ದೊಡ್ಡ ತಾಳ. ಮೂರನೆಯದು ಪೆಟ್ಟಿನ ಬಲ, ಒಂದರಿಂದ ೧೨೭ರವರೆಗೆ. ತಂತಿಯಲ್ಲಿ ಈ ಅಂಕೆಗಳು ಸೆಕೆಂಡಿಗೆ ೩೧,೨೫೦ ಚುಕ್ಕಿಗಳ ವೇಗದಲ್ಲಿ ಓಡುತ್ತವೆ. ಒಂದು ಪೆಟ್ಟಿನ ಸುದ್ದಿಗೆ ೩೦ ಚುಕ್ಕಿ. ಲೆಕ್ಕ ಹಾಕಿದರೆ ಒಂದು ಪೆಟ್ಟು ಮುಟ್ಟಲು ಒಂದು ಮಿಲಿಸೆಕೆಂಡಿಗಿಂತ ಎಳ್ಳಷ್ಟು ಕಡಿಮೆ. ನಾಲ್ವತ್ತು ವರ್ಷ ಕಳೆದರೂ ಈ ಭಾಷೆ ಬದಲಾಗದೆ ನಡೆಯುತ್ತಿರುವುದನ್ನು ನೋಡಿದರೆ, ನಮ್ಮ ಪಠ್ಯಪುಸ್ತಕ ಸಮಿತಿಗಳಿಗೂ ಇಷ್ಟು ಸ್ಥಿರಬುದ್ಧಿ ಇದ್ದಿದ್ದರೆ ಎನಿಸುತ್ತದೆ.

ಇನ್ನು ನನ್ನ ಕಥೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದವರು. ಅಷ್ಟಮಿ ಬಂದರೆ ಮಾತ್ರ ಅವರನ್ನು ಕೋರೆಯಲ್ಲಿ ಹುಡುಕಬಾರದು. ಸೊಂಟಕ್ಕೆ ತಾಸೆ ಕಟ್ಟಿಕೊಂಡು ಹುಲಿವೇಷದವರೊಡನೆ ಹೊರಟರೆ ಉಡುಪಿಯ ವಿಟ್ಲಪಿಂಡಿ ಮುಗಿಸಿಯೇ ಮನೆಗೆ ಬರುವುದು. ನವರಾತ್ರಿಯಲ್ಲಿ ಮತ್ತೆ ಅದೇ. ತಾಸೆಯೆಂದರೆ ಬೋಗುಣಿಯಾಕಾರದ ಒಂದು ಚಿಕ್ಕ ಚರ್ಮವಾದ್ಯ. ಎರಡು ತೆಳು ಕೋಲುಗಳಿಂದ ಬಾರಿಸುವರು. ಒಣಮಡಲಿಗೆ ಬೆಂಕಿ ಕೊಟ್ಟು ಅದರ ಬಿಸಿಗೆ ಚರ್ಮವನ್ನು ಹಿಡಿದು ಬಿಗಿ ಮಾಡಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ನೋಡಿದವಳೇ ಹೊರತು ಕೋಲನ್ನು ಹಿಡಿದವಳಲ್ಲ. ಹುಲಿವೇಷದಲ್ಲಿ ಹೆಣ್ಣುಮಕ್ಕಳ ತಂಡಗಳು ಈಚೆಗೆ ಬಂದಿವೆ. ತಾಸೆಯ ಕೋಲು ಮಾತ್ರ ನಾನು ಕಂಡಂತೆ ಇನ್ನೂ ಗಂಡಸರ ಕೈಯಲ್ಲಿಯೇ ಇದೆ. ತಮ್ಮನಿಗೆ ಅದರಲ್ಲಿ ಮನಸ್ಸಿಲ್ಲ. ಅವನ ಮನಸ್ಸೆಲ್ಲ ಆಟದಲ್ಲಿ. ಕಳೆದ ಮಳೆಗಾಲದಲ್ಲಿ ಅವನು ನನ್ನ ಗಣಕಯಂತ್ರದಲ್ಲಿ (ಅಪ್ಪ ಎರಡು ವರ್ಷದ ಉಳಿತಾಯದಲ್ಲಿ ನನ್ನ ಓದಿಗೆಂದು ಕೊಂಡುಕೊಟ್ಟ ಹಳೆಯ ಯಂತ್ರವದು) ಈ ಡ್ರಮ್ಮಿನ ಆಟವನ್ನು ಇಳಿಸಿಕೊಂಡು, ಕೀಲಿಮಣೆಯನ್ನು ಬೆರಳಿನಿಂದ ಕುಟ್ಟುತ್ತಿದ್ದನು. ಕೀಲಿಮಣೆ ಒಡೆದುಹೋದೀತೆಂಬ ಭಯದಿಂದಲೇ ನಾನು ಈ ಕೆಲಸಕ್ಕೆ ಇಳಿದೆನೆಂದರೆ ಸುಳ್ಳಲ್ಲ.

ನನ್ನ ಮಾವ, ಎಂದರೆ ತಾಯಿಯ ತಮ್ಮ, ರಸಮಂಜರಿಗಳಲ್ಲಿ ಆಕ್ಟೋಪ್ಯಾಡ್ ಬಾರಿಸುವವರು. ಮಳೆಗಾಲದಲ್ಲಿ ಅವರಿಗೆ ಕೆಲಸ ಕಡಿಮೆ. ಮೊದಲ ಪ್ರಯೋಗಕ್ಕೆ ಅವರ ಹಲಗೆಯನ್ನೇ ಕೇಳಿದೆ.

“ತೆಗೆದುಕೊಂಡು ಹೋಗು ಮಾರಾಯ್ತಿ. ಸ್ಕ್ರೂ ಮಾತ್ರ ಬಿಚ್ಚಬೇಡ. ಚೌತಿ ಕಳೆದರೆ ನನಗೆ ಅದರಲ್ಲಿಯೇ ಗಂಜಿ ಉಂಟು” ಎಂದರು ಮಾವ.

ಸ್ಕ್ರೂ ಬಿಚ್ಚುವ ಅಗತ್ಯವೂ ಬೀಳಲಿಲ್ಲ. ಹಲಗೆಯ ಹಿಂಬದಿಯಲ್ಲಿ ಐದು ರಂಧ್ರಗಳ ದುಂಡನೆಯ ಕಂಡಿಯಿರುತ್ತದೆ. ಅದೇ ಮಿಡಿ ಸುದ್ದಿ ಹೊರಡುವ ಬಾಗಿಲು. ಅಲ್ಲಿಂದ ಗಣಕಯಂತ್ರಕ್ಕೆ ಒಂದು ತಂತಿ ಸಾಕು, ಯು. ಎಸ್. ಬಿ. ಬದಿಯುಳ್ಳ ತಂತಿಗಳು ಈಗ ಅಗ್ಗದಲ್ಲಿ ದೊರೆಯುತ್ತವೆ. ಕ್ಲೋನ್ ಹೀರೋ ಆಟದ ಈಚಿನ ಆವೃತ್ತಿಗಳು ಮಿಡಿ ಸುದ್ದಿಯನ್ನು ನೇರವಾಗಿಯೇ ಸ್ವೀಕರಿಸುತ್ತವೆ. ಯಾವ ಚೌಕ ಯಾವ ಬಣ್ಣಕ್ಕೆ ಎಂದು ಒಮ್ಮೆ ಹೇಳಿಕೊಟ್ಟರಾಯಿತು. ನನಗೆ ಇದು ಮೊದಲು ತಿಳಿಯದೆ, ಮಿಡಿ ಸುದ್ದಿಯನ್ನು ಕೀಲಿಯ ಒತ್ತಾಗಿ ಬದಲಿಸುವ ಸಣ್ಣ ಕ್ರಮವಿಧಿಯೊಂದನ್ನು ನಾನೇ ಬರೆದುಕೊಂಡೆ. ಅದರಲ್ಲಿ ಒಂದು ಪೆಟ್ಟಿಗೆ ಎರಡು ಪೆಟ್ಟು ಬೀಳತೊಡಗಿತು! ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಕಾರಣ ತಿಳಿಯಿತು. ಮಿಡಿಯಲ್ಲಿ ಸ್ವರ ನಿಂತಿತೆಂದು ಹೇಳಲು ಅನೇಕ ವಾದ್ಯಗಳು ‘ಬಲ ಸೊನ್ನೆಯ ಪೆಟ್ಟು’ ಎಂದು ಕಳುಹಿಸುತ್ತವೆ. ಸೊನ್ನೆ ಬಲದ ಪೆಟ್ಟನ್ನೂ ಪೆಟ್ಟೆಂದೇ ನಾನು ಎಣಿಸಿದ್ದೆ. ಒಂದು ಸಾಲನ್ನು ಸೇರಿಸಿದೊಡನೆ ಸರಿಹೋಯಿತು.

ಮಾವನ ಹಲಗೆಯನ್ನು ಚೌತಿಗೆ ಮೊದಲೇ ಹಿಂದಿರುಗಿಸಿದೆವು. ಆಮೇಲೆ ತಮ್ಮನ ಮುಖವನ್ನು ನೋಡಲಾಗಲಿಲ್ಲ. ಆದುದರಿಂದ ಎರಡನೆಯ ದಾರಿ: ನಾವೇ ತಟ್ಟೆಗಳನ್ನು ಮಾಡಿಕೊಳ್ಳುವುದು.

ಇದಕ್ಕೆ ಬೇಕಾದ ಮುಖ್ಯ ವಸ್ತು ಸಣ್ಣದೊಂದು ಗಣಕಫಲಕ. ಆರ್ಡುಯಿನೊ ಎಂದು ಅದರ ಹೆಸರು. ಇಲ್ಲಿ ನಾನು ಮಾಡಿದ ತಪ್ಪನ್ನು ಮುಂದಿನವರು ಮಾಡದಿರಲೆಂದು ಹೇಳುತ್ತೇನೆ. ಈ ಹೆಸರಿನಲ್ಲಿ ಹಲವು ಫಲಕಗಳಿವೆ. ಎಲ್ಲ ಪುಸ್ತಕಗಳಲ್ಲಿಯೂ ಚಿತ್ರ ಹಾಕುವ ‘ಯೂನೊ’ ಎಂಬುದರ ಮುಖ್ಯ ಚಿಪ್ಪು ತಾನೇ ಕೀಲಿಮಣೆಯಂತೆ ನಟಿಸಲಾರದು. ‘ಲಿಯೊನಾರ್ಡೊ’ ಎಂಬುದರಲ್ಲಿರುವ ೩೨-ಯು-೪ ಚಿಪ್ಪು ನಟಿಸಬಲ್ಲುದು. ಗಣಕಯಂತ್ರಕ್ಕೆ ಚುಚ್ಚಿದೊಡನೆ ‘ನಾನೊಂದು ಕೀಲಿಮಣೆ’ ಎಂದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಾನು ತಿಳಿಯದೆ ಮೊದಲನೆಯದನ್ನು ತರಿಸಿ ಒಂದು ತಿಂಗಳ ಬಸ್ಸಿನ ಹಣವನ್ನು ಕಳೆದುಕೊಂಡೆ. ಆ ತಿಂಗಳು ಕಾಲೇಜಿಗೆ ಗೆಳತಿಯ ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಬಂದೆ.

ಪೀಜೊ ಬಿಲ್ಲೆಗಳಿಗೆ ಬೆಲೆ ಏನೂ ಇಲ್ಲ, ಐದನ್ನು ಕೊಂಡೆ. ಬಲವಾಗಿ ಬಾರಿಸಿದರೆ ಒಂದು ಬಿಲ್ಲೆ ಹತ್ತಾರು ವೋಲ್ಟು ಕೊಡಬಲ್ಲುದು. ಫಲಕ ತಾಳುವುದು ಐದು ವೋಲ್ಟು ಮಾತ್ರ. ಆದುದರಿಂದ ಪ್ರತಿ ಬಿಲ್ಲೆಗೂ ಅಡ್ಡಲಾಗಿ ೫.೧ ವೋಲ್ಟಿನ ಒಂದು ಝೀನರ್ ಡಯೋಡನ್ನು ಹಾಕಬೇಕು. ಅದಕ್ಕಿಂತ ಮೇಲೇರಿದುದನ್ನು ಅದು ನೆಲಕ್ಕೆ ಹರಿಸಿಬಿಡುತ್ತದೆ, ತುಂಬಿದ ಕೆರೆಯ ಕೋಡಿಯಂತೆ. ಜೊತೆಗೆ ಹತ್ತು ಲಕ್ಷ ಓಮ್‌ಗಳ ಒಂದು ರೆಸಿಸ್ಟರ್. ಇಲ್ಲವಾದರೆ ಬಿಲ್ಲೆಯಲ್ಲಿ ನಿಂತ ವಿದ್ಯುತ್ತು ಬೇಗನೆ ಇಳಿಯದೆ ಮುಂದಿನ ಪೆಟ್ಟನ್ನು ಕೆಡಿಸುತ್ತದೆ. ಬೆಸುಗೆ ಹಾಕಲು ಪೇಟೆಯ ಮೊಬೈಲ್ ರಿಪೇರಿಯವರು ಹೇಳಿಕೊಟ್ಟರು. ಹುಡುಗಿಯೊಬ್ಬಳು ಬೆಸುಗೆ ಕಲಿಯಬೇಕೆಂದು ಬಂದುದು ಅವರಿಗೆ ಅದೇ ಮೊದಲಂತೆ. ಒಂದು ಚಹಾ ಕೂಡ ಕುಡಿಸಿದರು.

ತಟ್ಟೆಗಳ ವಿಷಯದಲ್ಲಿ ಪುಸ್ತಕಜ್ಞಾನ ಉಪಯೋಗಕ್ಕೆ ಬರಲಿಲ್ಲ. ಒಂದು ಪ್ಲೈವುಡ್ ಹಲಗೆಯ ಮೇಲೆ ಐದು ಬಿಲ್ಲೆಗಳನ್ನು ಅಂಟಿಸಿ, ಮೇಲೆ ರಬ್ಬರು ಹೊದಿಸಿದೆ. ಕೆಂಪನ್ನು ಬಾರಿಸಿದರೆ ಹಳದಿ, ನೀಲಿ ಎಲ್ಲವೂ ಒಟ್ಟಿಗೆ ಕೂಗಿಕೊಂಡವು! ನಡುಕ ಹಲಗೆಯಲ್ಲಿ ಹರಿದು ಎಲ್ಲ ಬಿಲ್ಲೆಗಳನ್ನೂ ಮುಟ್ಟುತ್ತಿತ್ತು. ಹಲಗೆಯನ್ನು ಐದು ತುಂಡು ಮಾಡಿ, ಪ್ರತಿ ತುಂಡಿನ ಕೆಳಗೆ ತೆಂಗಿನನಾರಿನ ಕಾಲೊರಸಿನ ಚೂರೊಂದನ್ನು ಇಟ್ಟೆ. ಬಿಲ್ಲೆಗೂ ಮೇಲಿನ ರಬ್ಬರಿಗೂ ನಡುವೆ ಸವೆದ ಹವಾಯಿ ಚಪ್ಪಲಿಯ ಅಡಿಯನ್ನು ಕೊಯ್ದು ಹಾಕಿದೆ. ಹೊಸ ಚಪ್ಪಲಿ ಇದಕ್ಕೆ ಆಗದು; ಮೆಟ್ಟಿ ಮೆಟ್ಟಿ ಗಟ್ಟಿಯಾದ ಹಿಮ್ಮಡಿಯ ಭಾಗವೇ ಬೇಕು. ಇದನ್ನು ಯಾವ ಕಂಪೆನಿಯೂ ಕಂಡುಹಿಡಿದಂತೆ ಕಾಣೆ.

ಇನ್ನು ಫಲಕದೊಳಗೆ ಬರೆಯಬೇಕಾದ ಕ್ರಮವಿಧಿ. ಫಲಕವು ಐದು ವೋಲ್ಟನ್ನು ಸೊನ್ನೆಯಿಂದ ೧೦೨೩ರವರೆಗಿನ ಅಂಕೆಗಳಾಗಿ ಓದುತ್ತದೆ. ಒಂದು ಓದಿಗೆ ಸೆಕೆಂಡಿನ ಹತ್ತುಸಾವಿರದ ಒಂದು ಪಾಲು ಸಾಕು. ಐದೂ ತಟ್ಟೆಗಳನ್ನು ಒಂದು ಸುತ್ತು ನೋಡಿಬರಲು ಅರ್ಧ ಮಿಲಿಸೆಕೆಂಡು. ಇಲ್ಲಿ ಮೂರು ನಿರ್ಧಾರಗಳು ನಮ್ಮ ಕೈಯಲ್ಲಿವೆ. ಎಷ್ಟಕ್ಕಿಂತ ಮೇಲೇರಿದರೆ ಅದನ್ನು ಪೆಟ್ಟೆನ್ನಬೇಕು? ಇದು ಹೊಸ್ತಿಲು. ಹೊಸ್ತಿಲನ್ನು ದಾಟಿದ ಮೇಲೆ ಅತ್ಯಂತ ಎತ್ತರವನ್ನು ಹುಡುಕಲು ಎಷ್ಟು ಹೊತ್ತು ಕಾಯಬೇಕು? ಎರಡು ಮೂರು ಮಿಲಿಸೆಕೆಂಡು ಸಾಕು. ಒಂದು ಪೆಟ್ಟನ್ನು ಎಣಿಸಿದ ಬಳಿಕ, ತಟ್ಟೆಯ ನಡುಕವನ್ನೇ ಮತ್ತೊಂದು ಪೆಟ್ಟೆಂದು ಭ್ರಮಿಸದಂತೆ ಎಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು? ಈ ಮೂರನೆಯದನ್ನು ನಾನು ‘ಕಿವುಡುಗಾಲ’ ಎಂದು ಕರೆದುಕೊಂಡಿದ್ದೇನೆ. ನಾನು ನೋಡಿದ ಒಂದು ಮಾದರಿಯಲ್ಲಿ ಅದು ೧೦೦ ಮಿಲಿಸೆಕೆಂಡು ಎಂದಿತ್ತು, ಹಾಗೆಯೇ ಬರೆದುಕೊಂಡೆ. ತಮ್ಮನು ಬಾರಿಸಿದಾಗ ಎಲ್ಲವೂ ಸರಿಯಾಗಿತ್ತು. ಅವನು ಸುಲಭದ ಹಾಡೊಂದಕ್ಕೆ ನೂರಕ್ಕೆ ಎಂಬತ್ತು ಗಳಿಸಿ ಅಂಗಳದಲ್ಲಿ ಕುಣಿದನು.

ಸದ್ದು ಕೇಳಿ ಅಪ್ಪ ಒಳಗೆ ಬಂದರು. (ಮನೆಯಲ್ಲಿ ನಾವಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಓದಲು ಕೊಟ್ಟ ಯಂತ್ರದಲ್ಲಿ ಮಕ್ಕಳಿಬ್ಬರೂ ಆಟವಾಡುವುದನ್ನು ಕಂಡು ಅವರು ಬೈಯುವರೆಂದೇ ನಾನು ಹೆದರಿದ್ದೆ. ಅವರು ಬೈಯಲಿಲ್ಲ. ಚಪ್ಪಲಿಯ ತಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, “ಇದಕ್ಕೆ ಬೆಂಕಿ ಕಾಯಿಸುವುದು ಬೇಡವಾ?” ಎಂದು ಕೇಳಿದರು. ಅನಂತರ ತಮ್ಮ ಕೋಲುಗಳನ್ನು ತಂದು ನಿಂತುಕೊಂಡೇ ಒಂದು ಉರುಳಿಕೆಯನ್ನು ಬಾರಿಸಿದರು.

ಯಂತ್ರ ಅವರನ್ನು ಸೋಲಿಸಿತು. ಪರದೆಯ ಮೇಲೆ ಬಿಲ್ಲೆಗಳು ಒಂದರ ಹಿಂದೊಂದು ತಪ್ಪಿಹೋದವು. ತಮ್ಮ ನಕ್ಕನು. ಅಪ್ಪನೂ ನಕ್ಕರು, ಆದರೆ ಕೋಲುಗಳನ್ನು ಕೆಳಗಿಡುತ್ತಾ, “ನಾನು ಬಾರಿಸಿದ್ದರಲ್ಲಿ ಅರ್ಧ ಅದು ತಿಂದು ಹಾಕಿತಲ್ಲ ಮಗಾ” ಎಂದರು. ಮೂವತ್ತು ವರ್ಷ ಹುಲಿಗಳನ್ನು ಕುಣಿಸಿದ ಕೈ ಅದು. ಆಟದ ಸಾಮಾನಿನ ಮುಂದೆ ತಪ್ಪಿತಸ್ಥನಂತೆ ಅವರು ಎದ್ದುಹೋದುದು ನನಗೆ ಸರಿ ಕಾಣಲಿಲ್ಲ. ಅವರ ಕೈಯೇ ಸೋತಿತೋ, ವಯಸ್ಸಾಯಿತೋ ಎಂಬ ಸಂಶಯ ಅವರಿಗೇ ಬಂದಿತ್ತೆಂದು ಆಮೇಲೆ ಅಮ್ಮ ಹೇಳಿದರು.

ಆ ರಾತ್ರಿ ಅವರು ‘ಅರ್ಧ’ ಎಂದ ಮಾತೇ ನನ್ನ ಕಿವಿಯಲ್ಲಿತ್ತು. ಅದು ಬಾಯಿಮಾತಿನ ಅರ್ಧವೆಂದು ತಿಳಿದಿದ್ದೆ. ಮರುದಿನ ಅವರು ತಾಸೆ ಬಾರಿಸುವುದನ್ನು ದೂರವಾಣಿಯಲ್ಲಿ ಮುದ್ರಿಸಿಕೊಂಡು, ನಿಧಾನಗತಿಯಲ್ಲಿ ಕೇಳಿ ಎಣಿಸಿದೆ. ಉರುಳಿಕೆಯಲ್ಲಿ ಸೆಕೆಂಡಿಗೆ ಹದಿನಾಲ್ಕು ಪೆಟ್ಟುಗಳಿದ್ದವು. ಎಂದರೆ ಒಂದು ಪೆಟ್ಟಿಗೂ ಮುಂದಿನದಕ್ಕೂ ೭೧ ಮಿಲಿಸೆಕೆಂಡಿನ ಅಂತರ. ಫಲಕದ ಕಿವುಡುಗಾಲ ೧೦೦. ಮೊದಲ ಪೆಟ್ಟನ್ನು ಎಣಿಸುತ್ತದೆ. ಎರಡನೆಯದು ೭೧ಕ್ಕೆ ಬೀಳುವಾಗ ಅದು ಇನ್ನೂ ಕಿವುಡು. ಮೂರನೆಯದು ೧೪೨ಕ್ಕೆ ಬೀಳುವಾಗ ಕಿವಿ ತೆರೆದಿರುತ್ತದೆ. ನಾಲ್ಕನೆಯದಕ್ಕೆ ಮತ್ತೆ ಕಿವುಡು. ಹದಿನಾಲ್ಕಕ್ಕೆ ಏಳು! ಅಪ್ಪ ಲೆಕ್ಕ ಹಾಕದೆ, ಬರಿಯ ಕೈಯ ಅರಿವಿನಿಂದ ಹೇಳಿದ ‘ಅರ್ಧ’ ಲೆಕ್ಕಕ್ಕೆ ಸರಿಯಾಗಿ ಅರ್ಧವೇ ಆಗಿತ್ತು.

ಕಿವುಡುಗಾಲವನ್ನು ೩೦ಕ್ಕೆ ಇಳಿಸಿದರೆ ಮುಗಿಯಿತಲ್ಲ ಎನ್ನಬಹುದು. ಇಳಿಸಿದೆ, ಆಗ ಚಪ್ಪಲಿಯ ನಡುಕವೂ ಪೆಟ್ಟೆಂದೇ ಎಣಿಕೆಯಾಗಿ ಒಂದಕ್ಕೆರಡು ಬೀಳತೊಡಗಿದವು. ಇಲ್ಲಿಯೇ ನನಗೆ ಒಂದು ವಾರ ಹಿಡಿಯಿತು. ಕೊನೆಗೆ ದೊರೆತ ಉಪಾಯ, ಈ ಕೆಲಸದಲ್ಲಿ ಪಳಗಿದವರು ಬಹುಕಾಲದಿಂದ ಬಳಸುತ್ತಿರುವುದೇ: ಹೊಸ್ತಿಲನ್ನು ಕದಲದಂತೆ ಇಡಬಾರದು. ಪೆಟ್ಟು ಬಿದ್ದೊಡನೆ ಹೊಸ್ತಿಲನ್ನು ಆ ಪೆಟ್ಟಿನ ಎತ್ತರಕ್ಕೆ ಏರಿಸಬೇಕು. ಬಳಿಕ ತಟ್ಟೆಯ ನಡುಕ ಇಳಿಯುವ ವೇಗಕ್ಕಿಂತ ತುಸು ನಿಧಾನವಾಗಿ ಅದನ್ನು ಇಳಿಸುತ್ತ ಬರಬೇಕು. ನಡುಕ ಯಾವಾಗಲೂ ಇಳಿಯುವ ಹೊಸ್ತಿಲಿಗಿಂತ ಕೆಳಗೇ ಇರುತ್ತದೆ. ಹೊಸ ಪೆಟ್ಟು ಮಾತ್ರ ಅದನ್ನು ಮೀರಿ ನೆಗೆಯುತ್ತದೆ. ಮಳೆಗಾಲದ ನೆರೆ ಇಳಿಯುವಾಗ ಅದರ ಹಿಂದೆಯೇ ಗದ್ದೆಯ ಅಂಚನ್ನೂ ತಗ್ಗಿಸುತ್ತ ಹೋದಂತೆ. ಈಗ ಅಪ್ಪನ ಹದಿನಾಲ್ಕು ಪೆಟ್ಟುಗಳಲ್ಲಿ ಹದಿನಾಲ್ಕನ್ನೂ ಫಲಕ ಎಣಿಸುತ್ತದೆ. ಎಡಗೈಯ ಹಗುರ ಪೆಟ್ಟು ಬಲಗೈಯ ಭಾರದ ಪೆಟ್ಟಿನ ಬೆನ್ನಿಗೇ ಬಂದರೆ ಅಪರೂಪಕ್ಕೊಮ್ಮೆ ತಪ್ಪುವುದುಂಟು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಕಾಗದದ ಮೇಲೆ ೭೧, ೧೪೨ ಎಂದು ಗೆರೆ ಎಳೆದು ತೋರಿಸಿದೆ. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಗೆರೆಗಳನ್ನು ಬಹಳ ಹೊತ್ತು ನೋಡಿ, “ಹಾಗಾದರೆ ಕಿವಿ ಕೇಳದ್ದು ಅದಕ್ಕೆ, ಕೈ ಹೋದದ್ದು ನನಗಲ್ಲ” ಎಂದರು. ಓದಿಗೆಂದು ಕೊಟ್ಟ ಯಂತ್ರದ ಬಗ್ಗೆ ಅಂದಿನಿಂದ ಒಂದು ಮಾತನ್ನೂ ಆಡಿಲ್ಲ.

ಸಮಯದ ವಿಳಂಬದ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಫಲಕ, ತಂತಿ ಇವುಗಳಿಂದಾಗುವ ತಡ ಕೆಲವೇ ಮಿಲಿಸೆಕೆಂಡು. ದೊಡ್ಡ ತಡವಾಗುವುದು ಪರದೆಯಲ್ಲಿ, ಅದರಲ್ಲಿಯೂ ದೂರದರ್ಶನದ ಪರದೆಗೆ ಜೋಡಿಸಿದಾಗ. ಮತ್ತು ತಂತಿಯಿಲ್ಲದ ಧ್ವನಿವರ್ಧಕದಲ್ಲಿ. ಆಟದಲ್ಲಿ ಇದನ್ನು ಅಳೆದು ಸರಿಪಡಿಸಿಕೊಳ್ಳುವ ಏರ್ಪಾಡಿದೆ; ಅದನ್ನು ಮಾಡದೆ ಯಾರೂ ತಮ್ಮ ಕೈಯನ್ನು ಹಳಿಯಬಾರದು. ಗಾಳಿಯಲ್ಲಿ ಸದ್ದು ಒಂದು ಮೀಟರು ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಮೆರವಣಿಗೆಯಲ್ಲಿ ಡೋಲಿನವರು ಹತ್ತು ಮೀಟರು ಮುಂದಿದ್ದರೆ ಹಿಂದಿನ ತಾಸೆಯವರಿಗೆ ಅದು ಮೂವತ್ತು ಮಿಲಿಸೆಕೆಂಡು ತಡವಾಗಿ ಕೇಳುತ್ತದೆ. ಆದರೂ ಮೇಳ ತಪ್ಪುವುದಿಲ್ಲವಲ್ಲ ಎಂದು ಅಪ್ಪನನ್ನು ಕೇಳಿದೆ. “ಕಿವಿಯಲ್ಲಿ ಕೇಳಿ ಬಾರಿಸಿದರೆ ತಪ್ಪುತ್ತದೆ. ಡೋಲಿನವನ ಕೋಲು ನೋಡಬೇಕು” ಎಂದರು. ಬೆಳಕಿಗೆ ವಿಳಂಬವಿಲ್ಲವೆಂಬ ಭೌತಶಾಸ್ತ್ರವನ್ನು ಅವರು ಕೋಲಿನಲ್ಲಿ ಕಲಿತಿದ್ದಾರೆ.

ಹಳೆಯ ಆಟದ ಪೆಟ್ಟಿಗೆಗಳಿಗೆ, ಉದಾಹರಣೆಗೆ ಎಕ್ಸ್‌ಬಾಕ್ಸ್ ೩೬೦ಕ್ಕೆ, ನಾನು ಹೇಳಿದ ದಾರಿ ಹಿಡಿಸದು. ಅವು ಕಂಪೆನಿಯ ಗುರುತಿನ ಚಿಪ್ಪಿಲ್ಲದ ಹಿಡಿಕೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಹೊರನಾಡಿನವರು ಕಂಪೆನಿಯ ಪ್ಲಾಸ್ಟಿಕ್ ಡ್ರಮ್ಮನ್ನೇ ಬಿಚ್ಚಿ, ಅದರ ಫಲಕಕ್ಕೆ ಹೊಸ ತಟ್ಟೆಗಳ ತಂತಿಗಳನ್ನು ಬೆಸೆಯುತ್ತಾರೆ. ನಮ್ಮಲ್ಲಿ ಅಂಥ ಪೆಟ್ಟಿಗೆಗಳೇ ವಿರಳವಾದುದರಿಂದ ಅದನ್ನು ಬೆಳೆಸುವುದಿಲ್ಲ.

ನಮ್ಮ ನಾಡಿನಲ್ಲಿ ವಾದ್ಯಕ್ಕೂ ವಿದ್ಯುತ್ತಿಗೂ ನಂಟು ಹೊಸದೇನಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರ್ಯಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆ, ತಂಬೂರಿ, ತಬಲಾಯಂತ್ರಗಳನ್ನು ಸಂಗೀತದ ಮನೆಗಳಲ್ಲಿ ಕಾಣುತ್ತೇವೆ. ಮಂಗಳಾರತಿಯ ಹೊತ್ತಿಗೆ ಗುಂಡಿ ಒತ್ತಿದರೆ ತಾನೇ ನಗಾರಿಯನ್ನೂ ಗಂಟೆಯನ್ನೂ ಬಾರಿಸುವ ಮೋಟಾರಿನ ಯಂತ್ರಗಳು ಅನೇಕ ದೇವಸ್ಥಾನಗಳಲ್ಲಿವೆ. ಆ ಯಂತ್ರದ ಬಗ್ಗೆ ಅಪ್ಪನ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಲೇಸು. ಅಲ್ಲೆಲ್ಲ ಯಂತ್ರ ಬಾರಿಸುತ್ತದೆ, ಮನುಷ್ಯ ಕೇಳುತ್ತಾನೆ. ನಾನು ಹೇಳುತ್ತಿರುವುದರಲ್ಲಿ ಬಾರಿಸುವವನು ಮನುಷ್ಯ. ಯಂತ್ರದ್ದು ಕೇಳುವ ಕೆಲಸ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತಿತ್ತು. ಆಟದೊಡನೆ ಬರುವ ಹಾಡುಗಳೆಲ್ಲ ಪಾಶ್ಚಾತ್ಯ. ಹೆಚ್ಚಿನವು ನಾಲ್ಕು ನಾಲ್ಕರ ಎಣಿಕೆ. ಯಕ್ಷಗಾನದ ತ್ರಿವುಡೆಯ ಏಳಾಗಲಿ ಝಂಪೆಯ ಹತ್ತಾಗಲಿ ಅಲ್ಲಿಲ್ಲ. ಆದರೆ ಕ್ಲೋನ್ ಹೀರೋದಲ್ಲಿ ನಮಗೆ ಬೇಕಾದ ವಾದನವನ್ನು ನಾವೇ ಬರೆದು ಸೇರಿಸಬಹುದು. ಬರೆಯುವ ಕಡತ ಸರಳವಾದ ಅಕ್ಷರಗಳದ್ದು. ಒಂದು ಮಾತ್ರೆಯನ್ನು ೧೯೨ ಪಾಲುಗಳಾಗಿ ಒಡೆದು, ಯಾವ ಪಾಲಿಗೆ ಯಾವ ಬಣ್ಣದ ಪೆಟ್ಟು ಎಂದು ನಮೂದಿಸುವುದು. ಒಂದು ಸುತ್ತಿಗೆ ಏಳು ಮಾತ್ರೆಯೆಂದರೂ ಅದಕ್ಕೆ ಆಕ್ಷೇಪವಿಲ್ಲ. ನಾನು ಅಪ್ಪನ ಎರಡು ನಿಮಿಷದ ಹುಲಿವೇಷದ ತಾಸೆಯನ್ನು ಮುದ್ರಿಸಿಕೊಂಡು ಅದಕ್ಕೆ ಬಿಲ್ಲೆಗಳನ್ನು ಬರೆಯಹೊರಟೆ. ಇಲ್ಲಿ ಬೇರೊಂದು ತೊಡಕು. ಆಟವು ಒಂದೇ ವೇಗವನ್ನು ನಿರೀಕ್ಷಿಸುತ್ತದೆ. ಅಪ್ಪನ ವೇಗ ಹುಲಿಯ ಕಾಲನ್ನು ನೋಡಿ ಏರುತ್ತದೆ, ಇಳಿಯುತ್ತದೆ. ಎರಡು ನಿಮಿಷದೊಳಗೆ ತೊಂಬತ್ತಕ್ಕೂ ಹೆಚ್ಚು ಕಡೆ ವೇಗವನ್ನು ಬದಲಿಸಿ ಬರೆಯಬೇಕಾಯಿತು. ಅರೆವಾರ್ಷಿಕ ಪರೀಕ್ಷೆಯ ಅಂಕಗಳು ಅದಕ್ಕೆ ತಕ್ಕಂತೆಯೇ ಬಂದವು. ಅದನ್ನು ಇಲ್ಲಿ ಪ್ರಕಟಿಸುವುದು ಬೇಡ.

ಹೀಗೆ ಅಪ್ಪನ ಪೆಟ್ಟುಗಳು ಬಣ್ಣದ ಬಿಲ್ಲೆಗಳಾಗಿ ಹಾದಿಯ ಮೇಲೆ ಹರಿದುಬರುವಾಗ, ಕೋಲು ಹಿಡಿದು ನಿಂತವಳು ನಾನು. ತಮ್ಮನಿಗೆ ಅದು ಕಷ್ಟವೆನಿಸಿ ಬಿಟ್ಟುಬಿಟ್ಟನು. ನಾನು ಎರಡು ತಿಂಗಳು ಬಿಡಲಿಲ್ಲ. ಕಳೆದ ತಿಂಗಳ ಒಂದು ಸಂಜೆ ಒಂದು ಬಿಲ್ಲೆಯೂ ತಪ್ಪದೆ ಕೊನೆಯವರೆಗೆ ಬಾರಿಸಿದೆ. ಪರದೆಯ ಮೇಲೆ ನೂರಕ್ಕೆ ನೂರು ಎಂದು ಮಿನುಗಿತು. ಅಪ್ಪ ಬಾಗಿಲಲ್ಲಿ ನಿಂತು, ಪರದೆಗೆ ಬೆನ್ನು ಹಾಕಿ ಕೇಳುತ್ತಿದ್ದರು.

“ಮೂರನೆಯ ಸುತ್ತಿನಿಂದ ನಿನ್ನ ಎಡಗೈ ಹಿಂದೆ ಬೀಳುತ್ತದೆ” ಎಂದರು.

ಯಂತ್ರ ನೂರು ಕೊಟ್ಟಿದೆಯೆಂದು ವಾದಿಸಿದೆ. ಅವರು ಉತ್ತರಿಸದೆ ಬಾವಿಯ ಕಡೆಗೆ ಹೋದರು. ಫಲಕವು ಪ್ರತಿ ಪೆಟ್ಟಿನ ಹೊತ್ತನ್ನೂ ಬರೆದಿಡುವಂತೆ ನಾನು ಮೊದಲೇ ಏರ್ಪಡಿಸಿದ್ದೆ. ಕಡತವನ್ನು ತೆರೆದು, ಎಡಗೈಯ ಪೆಟ್ಟುಗಳನ್ನೂ ಬಲಗೈಯ ಪೆಟ್ಟುಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಇರಿಸಿ ಕೂಡಿಸಿ ನೋಡಿದೆ. ಮೊದಲೆರಡು ಸುತ್ತುಗಳಲ್ಲಿ ಎರಡೂ ಸಮ. ಮೂರನೆಯದರಿಂದ ಮುಂದೆ ಎಡಗೈ ಸರಾಸರಿ ೧೮ ಮಿಲಿಸೆಕೆಂಡು ತಡ. ಆಟದ ಕಣ್ಣಿಗೆ ಅದು ಕ್ಷಮಿಸತಕ್ಕಷ್ಟು ಚಿಕ್ಕದು.

ಈಗ ಸಂಜೆ ಅರ್ಧ ಗಂಟೆ ಪರದೆಯನ್ನು ಆರಿಸಿ, ಎಡಗೈಯೊಂದನ್ನೇ ಬಾರಿಸುತ್ತಿದ್ದೇನೆ. ಅಪ್ಪ ಅಂಗಳದಲ್ಲಿ ಕುಳಿತು, ತಪ್ಪಿದಾಗ ಮಾತ್ರ ಕೆಮ್ಮುತ್ತಾರೆ.